ತುರುವೇಕೆರೆ ಬಸ್ಸಿನಲ್ಲಿ ಸ್ಪ್ಯಾನಿಷ್

ಮಕ್ಕಳೇ, ಮೊನ್ನೆ ತಿಪಟೂರಿನಿಂದ ತುರುವೇಕೆರೆಗೆ ಹೋಗುವ ಬಸ್ಸಿನಲ್ಲಿ ನಾನು ಸ್ಪ್ಯಾನಿಷ್ ಕಲಿತೆ. ಮೇಷ್ಟ್ರು ನನ್ನ ಮೊಮ್ಮಗಳು. ಓದಲು ಸ್ಪೇನಿನ ಮ್ಯಾಡ್ರಿಡ್‌ಗೆ ಹೊರಟಿದ್ದಾಳೆ. ಇಳಿದ ಕೂಡಲೇ ಬಾಡಿಗೆ ಕೋಣೆ ಹುಡುಕಬೇಕು.

"ಕಿಯೆರೊ ಅಲ್ಕಿಲಾರ್ ಉನಾ ಅಬಿತಾಥ್ಯೋನ್" ಎಂದಳು. ನನಗೊಂದು ಕೋಣೆ ಬಾಡಿಗೆಗೆ ಬೇಕು ಎಂದರ್ಥ. ಮುಂದಿನ ಸೀಟಿನ ಅಜ್ಜಿ ತಿರುಗಿ ನೋಡಿದರು.

ಅಲ್ಕಿಲಾರ್ ಎಂಬುದು ಬಾಡಿಗೆಯ ಕ್ರಿಯಾಪದ. ನಮ್ಮಂತೆ ಅವರಲ್ಲೂ 'ನಾನು, ನೀನು' ಎಂದು ಬಿಡಿಸಿ ಹೇಳಬೇಕಿಲ್ಲ, ಕ್ರಿಯಾಪದದ ಬಾಲವೇ ಹೇಳುತ್ತದೆ. ಅಲ್ಕಿಲೊ ಎಂದರೆ ನಾನು, ಅಲ್ಕಿಲಾಸ್ ಎಂದರೆ ನೀನು, ಅಲ್ಕಿಲಾಮೋಸ್ ಎಂದರೆ ನಾವು. ಬರುತ್ತೇನೆ, ಬರುತ್ತೀಯ, ಬರುತ್ತೇವೆ ಎನ್ನುವ ನಮಗೆ ಇದೇನು ಕಷ್ಟ?

ತೊಡಕು ಬೇರೆ ಇದೆ. ಬಾಡಿಗೆಗೆ ಕೊಡುವುದಕ್ಕೂ ಪಡೆಯುವುದಕ್ಕೂ ಅದೇ ಒಂದು ಪದ! ಬ್ಯಾಂಕಿನಲ್ಲಿ ಜಮಾ ಒಂದು ಕಡೆ, ಖರ್ಚು ಇನ್ನೊಂದು ಕಡೆ ಬರೆದು ತಲೆ ನರೆಸಿಕೊಂಡವನಿಗೆ ಇದು ಸರಿಬೀಳಲಿಲ್ಲ.

"ಜಾಹೀರಾತಲ್ಲಿ 'ಅಲ್ಕಿಲೊ ಅಬಿತಾಥ್ಯೋನ್' ಅಂತಿದ್ರೆ ಕೊಡೋರು, ತಾತ. ಹುಡುಕೋರು 'ಬುಸ್ಕೊ' ಅಂತ ಬರೀತಾರೆ."

'ಬಾಡಿಗೆಗೆ ಇದೆ' ಬೋರ್ಡಿಗೆ 'ಸೆ ಅಲ್ಕಿಲಾ'. ಅಡ್ವಾನ್ಸಿಗೆ 'ಫಿಯಾಂಥಾ'. ವಾಸದ ಮನೆಗೆ ಅಲ್ಲಿನ ಕಾನೂನು ಹೇಳುವ ಫಿಯಾಂಥಾ ಒಂದೇ ತಿಂಗಳ ಬಾಡಿಗೆಯಂತೆ. ಬೆಂಗಳೂರಿನಲ್ಲಿ ಹತ್ತು ತಿಂಗಳದ್ದು ಎಣಿಸಿಕೊಟ್ಟವನು ನಾನು!

ಅಲ್ಕಿಲಾರ್ ಪದದ ಬೇರು ಅರಬ್ಬಿಯ 'ಕಿರಾ'. ಹಿಂದಿಯ ಕಿರಾಯಾ ಕೂಡ ಅಲ್ಲಿಂದಲೇ ಬಂದದ್ದು. ನಮ್ಮ ಕೊಬ್ಬರಿಗೆ ಅವರು 'ಕೊಪ್ರಾ' ಎನ್ನುತ್ತಾರೆ, ಪೋರ್ಚುಗೀಸರು ಮಲಯಾಳದ ಕೊಪ್ಪರವನ್ನು ಹೊತ್ತೊಯ್ದ ಫಲ. ತಿಪಟೂರಿನ ಹುಡುಗಿಗೆ ಒಂದು ಪದವಾದರೂ ಪುಕ್ಕಟೆ ಸಿಕ್ಕಿತು.

ಬಸ್ಸಿಳಿದು ತೋಟಕ್ಕೆ ನಡೆದೆವು. ನಮ್ಮ ಕಡೆ ಮನೆಗೆ, ಸೈಕಲ್ಲಿಗೆ, ಶಾಮಿಯಾನಕ್ಕೆ ಬಾಡಿಗೆ. ತೋಟದ ಫಸಲಿಗೆ ಗುತ್ತಿಗೆ. ಹೊಲ-ತೋಟಕ್ಕೆ ಸ್ಪ್ಯಾನಿಷಿನಲ್ಲೂ ಬೇರೆ ಮಾತಿದೆಯೇ ಎಂದು ಕೇಳಿದೆ. ಫೋನಿನಲ್ಲಿ ಹುಡುಕಿ 'ಅರ್ರೆಂದಾರ್' ಎಂದಳು.

ಕೇಳಲು ಕಾರಣವಿತ್ತು. ಕಾಯಿ ಕೀಳಿಸಿ, ಎಣಿಸಿ, ಅಟ್ಟಕ್ಕೆ ಹಾಕಿ ವರ್ಷದ ಹತ್ತಿರ ಕಾಯಲು ನನ್ನ ಮಂಡಿ ಇನ್ನು ಒಪ್ಪದು. ಮೂರು ವರ್ಷಕ್ಕೆ ಫಸಲನ್ನು ಗುತ್ತಿಗೆಗೆ ಕೊಡಲೆಂದೇ ಹೋಗಿದ್ದೆ. ಚಿಕ್ಕನಾಯಕನಹಳ್ಳಿ ಕಡೆಯವರೊಬ್ಬರು ತೋಟದಲ್ಲಿ ಕಾದಿದ್ದರು. ಬಸ್ಸಿನಲ್ಲಿ ಇವಳಿಗೆ ಹೇಳಲು ಬಾಯಿ ಬಂದಿರಲಿಲ್ಲ.

"ಅರ್ರಿಯೆಂದೊ" ಎಂದೆ, ನಾನು ಕೊಡುತ್ತೇನೆ ಎಂದು.

ಅವಳು ಸ್ವಲ್ಪ ಹೊತ್ತು ಮರಗಳನ್ನೇ ನೋಡಿದಳು. "ತಪ್ಪು, ತಾತ. ಅರ್ರೆಂದಾಮೋಸ್."

ಕರಾರಿಗೆ ರುಜು ಹಾಕುವಾಗ ಪಕ್ಕದಲ್ಲೇ ಕೂತಿದ್ದಳು. ಆಮೇಲೆ ಅಟ್ಟ ಹತ್ತಿ ಒಂದು ಕಾಯಿ ತಂದು ಕಿವಿಯ ಹತ್ತಿರ ಅಲ್ಲಾಡಿಸಿದಳು. ಒಳಗೆ ಕೊಬ್ಬರಿ ಲೊಟಲೊಟ ಎಂದಿತು.

"ಇದು ಗುತ್ತಿಗೆಗೆ ಸೇರಲ್ಲ ತಾನೇ?"

"ಇಲ್ಲ ಕಣಮ್ಮ, ಹೋದ ವರ್ಷದ್ದು."

"ವಿಮಾನದಲ್ಲಿ ಒಣ ಕೊಬ್ಬರಿ ಬಿಡಲ್ಲ" ಎನ್ನುತ್ತಾ ಅಲ್ಲೇ ಒಡೆದಳು. ವಾಪಸು ಬಸ್ಸು ಬರುವವರೆಗೆ ಬೆಲ್ಲದ ಜೊತೆ ಮೆದ್ದೆವು.