ಓರೆನೆಲದ ಶಯನ

ಉತ್ತರಕಾಶಿ ಜಿಲ್ಲೆಯ ಸಾಂಕ್ರಿಯಿಂದ ಕೇದಾರಕಾಂಠಕ್ಕೆ ಏರುವ ಹಾದಿಯಲ್ಲಿ ಜೂಡಾ ಕಾ ತಾಲಾಬ್ ಎಂಬ ಕೊಳವುಂಟು. ಕುಮಾರಸಂಭವವನ್ನು ಪಾಠ ಹೇಳಿಯೇ ಮುದುಕರಾದ ನಾವು ಹಿಮಾಲಯದಲ್ಲಿ ಕಳೆದ ಮೊದಲ ರಾತ್ರಿ ಅದರ ಸಮೀಪದ ಡೇರೆಯಲ್ಲಿ. ನೆಲವು ಪಕ್ಕಕ್ಕೆ ಓರೆಯಾಗಿದ್ದುದನ್ನು ಹಗಲಿನಲ್ಲಿ ಗಮನಿಸಲಿಲ್ಲ. ನುಣುಪಾದ ನೈಲಾನಿನ ಮೇಲೆ ಗಾಳಿಹಾಸಿಗೆಗಳು ಜಾರಿ, ನಡುರಾತ್ರಿಯ ಹೊತ್ತಿಗೆ ನಾವು ನಮ್ಮ ಗೃಹಿಣಿಯನ್ನು ಡೇರೆಯ ಗೋಡೆಗೆ ಒತ್ತಿಬಿಟ್ಟಿದ್ದೆವು. ಉಸಿರಿನ ಆವಿ ಅಲ್ಲಿ ನೀರಾಗಿ ಕಟ್ಟಿ ಆಕೆಯ ಹೊದಿಕೆಯನ್ನು ನೆನೆಸಿತ್ತು. ಆಕೆ ಗಡಗಡನೆ ನಡುಗುವುದನ್ನು ಕಂಡು ನಮಗೆ ದಿಗಿಲಾಯಿತು.

“ಮೊದಲು ಏಳಿ” ಎಂದು ಆಕೆಯೇ ಹಾಸಿಗೆಗಳನ್ನು ತಿರುಗಿಸಿ ತಲೆಯ ಕಡೆಯನ್ನು ಎತ್ತರಕ್ಕೆ ಮಾಡಿದಳು. ಅಡಿಯಲ್ಲಿ ಒರಟು ಕಂಬಳಿ, ಕಾಲ ಕಡೆಗೆ ಬಟ್ಟೆಚೀಲಗಳ ಅಡ್ಡಗಟ್ಟೆ. ಬಿಗಿದುಬ್ಬಿದ ಹಾಸಿಗೆಯಿಂದ ತುಸು ಗಾಳಿಯನ್ನೂ ಬಿಟ್ಟಳು. ನಮ್ಮ ಒಣಶಾಲು ಆಕೆಗಾಯಿತು. ಬೆಳಗ್ಗೆ ನೋಡಿದರೆ ನಮ್ಮ ಕನ್ನಡಕವೊಂದೇ ಡೇರೆಯ ತಗ್ಗಿಗೆ ಜಾರಿತ್ತು.