ಆಡುವವರ ಅಂಗಿ, ನೋಡುವವರ ಚಿಂತೆ

ಐಸ್ ಹಾಕಿ ನೋಡುವುದಕ್ಕೆ ಕಣ್ಣು ಬಲು ಚುರುಕಾಗಿರಬೇಕು. ಪಕ್ ಎಂಬ ಆ ಕಪ್ಪು ರಬ್ಬರ್ ಬಿಲ್ಲೆ ಎಲ್ಲಿದೆ ಎಂದು ನಾವು ಹುಡುಕುವಷ್ಟರಲ್ಲಿ ಗೋಲಾಗಿ, ಜನ ಎದ್ದು ಕೂಗಾಡಿ, ಮತ್ತೆ ಕೂತಾಗಿರುತ್ತದೆ. ಅಂಗಿ ನೋಡುವುದಕ್ಕೆ ಅಂಥ ಅವಸರವಿಲ್ಲ. ಅದು ಎಲ್ಲಿಗೂ ಓಡಿಹೋಗುವುದಿಲ್ಲ. ಅದಕ್ಕೇ ಇರಬೇಕು, ಅಮೆರಿಕ, ಕೆನಡಾಗಳಲ್ಲಿ ಆಟಕ್ಕಿಂತ ಅಂಗಿಯ ಮೇಲೇ ಹೆಚ್ಚು ಕಣ್ಣಿಟ್ಟ ಅಭಿಮಾನಿಗಳ ಒಂದು ಪಂಗಡವೇ ಇದೆ.

ಅಲ್ಲಿನ ದೊಡ್ಡ ಲೀಗ್ ಎನ್‌ಎಚ್‌ಎಲ್‌ನಲ್ಲಿ ಈಗ 32 ತಂಡಗಳು. ತವರಿನಲ್ಲಿ ಆಡುವಾಗ ಒಂದು ಜೆರ್ಸಿ, ಪರವೂರಿನಲ್ಲಿ ಇನ್ನೊಂದು, ಅನೇಕ ತಂಡಗಳಿಗೆ ಮೂರನೆಯದೂ ಉಂಟು. ಇಷ್ಟೂ ಸಾಲದೆಂದು ಈ ಮಹಾನುಭಾವರು ರಾತ್ರಿ ಊಟ ಮುಗಿಸಿ ಕಂಪ್ಯೂಟರ್ ಮುಂದೆ ಕೂತು, ಒಂದೊಂದಾಗಿ 32 ತಂಡಗಳಿಗೂ ಹೊಸ ಜೆರ್ಸಿಯ ಚಿತ್ರ ಬರೆಯುತ್ತಾರೆ. ಯಾರು ಕೇಳಿದರು? ಯಾರೂ ಕೇಳಿಲ್ಲ. ಸಂಬಳವೇನಾದರೂ? ರಾಮ ರಾಮ!

ಕೆಲಸ ಮಾತ್ರ ಬಹಳ ನಾಜೂಕಿನದು. ಖಾಲಿ ಅಂಗಿಯ ಎದುರು ಒಂದು, ಬೆನ್ನು ಒಂದು ಬರೆದುಕೊಂಡು ಶುರು. ಎದೆಯ ಮೇಲೆ ಲಾಂಛನ. ಭುಜಕ್ಕೆ ಬೇರೆ ಬಣ್ಣ ಬೇಕೋ ಬೇಡವೋ? ಕೊರಳಿಗೆ ಹಳೇಕಾಲದ ಹಾಗೆ ದಾರ ಕಟ್ಟೋಣವೇ? ತೋಳಿಗೆ ಎರಡು ಪಟ್ಟೆಯೋ ಮೂರೋ? ಅಂಚಿನ ಪಟ್ಟೆಗೂ ಕಾಲುಚೀಲದ ಪಟ್ಟೆಗೂ ತಾಳೆಯಾಗಬೇಕು, ಇಲ್ಲದಿದ್ದರೆ ಬೇರೆ ಅಭಿಮಾನಿಗಳು ಸುಮ್ಮನೆ ಬಿಡುವವರಲ್ಲ. ಇಷ್ಟೆಲ್ಲ ಬರೆಯುವವರು ಒಂದು ಸಂಗತಿಯನ್ನು ಸಾಮಾನ್ಯವಾಗಿ ಬಿಟ್ಟೇಬಿಡುತ್ತಾರೆ. ಆಟಗಾರರ ಜೆರ್ಸಿಯ ಒಳಗೆ, ಬೆನ್ನಿನ ಕೆಳಗಡೆ ಒಂದು ಪಟ್ಟಿ ಇರುತ್ತದೆ. ಅದನ್ನು ಚಡ್ಡಿಗೆ ಬಿಗಿದುಕೊಳ್ಳಬೇಕು. ಏಕೆನ್ನುತ್ತೀರಿ? ಎದುರಾಳಿಯ ಅಂಗಿಯನ್ನು ಅವನ ತಲೆಯ ಮೇಲೆ ಎಳೆದು, ಕಣ್ಣು ಮುಚ್ಚಿಸಿ ಗುದ್ದುವುದು ಅಲ್ಲಿನ ಹಳೆಯ ವಿದ್ಯೆ! ಬಫಲೋ ತಂಡದ ರಾಬ್ ರೇ ಇದಕ್ಕೊಂದು ಉಪಾಯ ಕಂಡುಕೊಂಡಿದ್ದ. ಜಗಳ ಹತ್ತಿದ ಕೂಡಲೇ ಅಂಗಿಯಿಂದ ನುಣುಚಿಕೊಂಡು ಬರಿಮೈಯಲ್ಲಿ ನಿಂತುಬಿಡುತ್ತಿದ್ದ. ಹಿಡಿದು ಎಳೆಯೋಣವೆಂದರೆ ಬಟ್ಟೆಯೇ ಇಲ್ಲ! ಕಡೆಗೆ ಲೀಗ್, ಪಟ್ಟಿ ಬಿಗಿಯದೆ ಜಗಳಕ್ಕಿಳಿದು ಅಂಗಿ ಕಳಚಿಕೊಂಡವನನ್ನು ಆಟದಿಂದಲೇ ಹೊರಹಾಕುವ ನಿಯಮ ತಂದಿತು.

ಬೆನ್ನು ಎಂದಾಗ ನೆನಪಾಯಿತು, ಟೊರಾಂಟೊ ತಂಡದ ಮಾಲೀಕ ಹೆರಾಲ್ಡ್ ಬಲ್ಲಾರ್ಡ್ ಕಥೆ ಕೇಳಿದ್ದೀರಾ? ಬೆನ್ನ ಮೇಲೆ ಆಟಗಾರನ ಹೆಸರು ಇರಲೇಬೇಕೆಂದು 1977ರಲ್ಲಿ ಲೀಗ್ ಅಪ್ಪಣೆ ಮಾಡಿತು. ಹೆಸರು ಬೆನ್ನಲ್ಲೇ ಕಂಡರೆ ತಾನು ಮಾರುವ ಆಟಗಾರರ ಪಟ್ಟಿಯ ಪುಸ್ತಕವನ್ನು ಕೊಳ್ಳುವವರು ಯಾರು ಎಂಬ ಸಂಕಟ ಈತನಿಗೆ. ದಂಡದ ಬೆದರಿಕೆ ಬಂದಾಗ, 1978ರಲ್ಲಿ ನೀಲಿ ಅಂಗಿಗೆ ಅದೇ ನೀಲಿಯ ಅಕ್ಷರ ಹೊಲಿಸಿ ಕಳಿಸಿದ. ನಿಯಮ ಪಾಲನೆಯಾಯಿತು, ಹೆಸರು ಮಾತ್ರ ಯಾರಿಗೂ ಕಾಣಲಿಲ್ಲ. ಇಂಥ ಮಾಲೀಕರಿಗಿಂತ ಅಭಿಮಾನಿಗಳ ಕೈಗೇ ಸೂಜಿದಾರ ಕೊಡುವುದು ವಾಸಿಯಲ್ಲವೇ?

ವಾಸಿಯೇನೋ ಹೌದು. ಆದರೆ ಅಭಿಮಾನಿಯ ರುಚಿಯನ್ನು ನಂಬುವುದು ಕಷ್ಟ. 1995ರಲ್ಲಿ ನ್ಯೂಯಾರ್ಕ್ ಐಲ್ಯಾಂಡರ್ಸ್ ತಂಡ ತನ್ನ ಹಳೆಯ ಲಾಂಛನ ತೆಗೆದು, ಹಾಕಿ ಕೋಲು ಹಿಡಿದ ಗಡ್ಡದ ಬೆಸ್ತನೊಬ್ಬನನ್ನು ಎದೆಯ ಮೇಲೆ ತಂದು ನಿಲ್ಲಿಸಿತು. ಗಾರ್ಟನ್ಸ್ ಕಂಪನಿಯ ಮೀನಿನ ತಿಂಡಿ ಫಿಶ್ ಸ್ಟಿಕ್ಸ್‌ನ ಪೊಟ್ಟಣದ ಮೇಲಿದ್ದ ಬೆಸ್ತನ ತದ್ರೂಪ! ಎದುರು ತಂಡ ರೇಂಜರ್ಸ್‌ನ ಅಭಿಮಾನಿಗಳು ‘ನಮಗೆ ಫಿಶ್ ಸ್ಟಿಕ್ಸ್ ಬೇಕು’ ಎಂದು ಕೂಗಿ ಕೂಗಿ ಮಾನ ಕಳೆದರು. ಸ್ವಂತ ಅಭಿಮಾನಿಗಳೂ ಮುಖ ಸಿಂಡರಿಸಿದರು. ಎರಡೇ ಸೀಸನ್ನಿಗೆ ಬೆಸ್ತ ಮನೆಗೆ ಹೋದ. ಆಮೇಲೆ ನೋಡಿ ತಮಾಷೆ. ವರ್ಷಗಳು ಕಳೆದಂತೆ ಅದೇ ಬೆಸ್ತ ಅಭಿಮಾನಿಗಳ ಚಿತ್ರಗಳಲ್ಲಿ ಮತ್ತೆ ಮತ್ತೆ ತಲೆ ಹಾಕತೊಡಗಿದ. 2022ರಲ್ಲಿ ತಂಡವೇ ಅವನನ್ನು ವಿಶೇಷ ಜೆರ್ಸಿಯ ಮೇಲೆ ಕರೆತಂದಿತು. ಮದುವೆಮನೆಯಲ್ಲಿ ಸಾರಿಗೆ ಉಪ್ಪು ಹೆಚ್ಚಾಯಿತೆಂದು ಗೊಣಗುತ್ತಲೇ ಮೂರನೇ ಸಲ ಬಡಿಸಿಕೊಳ್ಳುವ ನೆಂಟರಿರುತ್ತಾರಲ್ಲ, ಈ ಅಭಿಮಾನಿಗಳು ಥೇಟ್ ಅವರೇ.

ಇನ್ನು ಕೆಲವರು ಇಲ್ಲದ ತಂಡಕ್ಕೂ ಅಂಗಿ ಹೊಲಿಯುತ್ತಾರೆ. ಹಾರ್ಟ್‌ಫರ್ಡ್ ವೇಲರ್ಸ್ ತಂಡ 1997ರಲ್ಲೇ ಊರು ಬಿಟ್ಟು ಕ್ಯಾರೊಲಿನಾ ಸೇರಿ ಹೆಸರನ್ನೂ ಬದಲಿಸಿಕೊಂಡಿತು. ಪೀಟರ್ ಗುಡ್ 1979ರಲ್ಲಿ ಬರೆದ ಅದರ ಲಾಂಛನ ಮಾತ್ರ ಜನರ ತಲೆಯಿಂದ ಇಳಿಯಲೊಲ್ಲದು. ಕೆಳಗೆ ಹಸಿರು ಡಬ್ಲ್ಯೂ, ಮೇಲೆ ತಿಮಿಂಗಿಲದ ನೀಲಿ ಬಾಲ. ಇವೆರಡರ ನಡುವೆ ಏನೂ ಬರೆಯದೆ ಬಿಟ್ಟ ಬಿಳಿ ಜಾಗವನ್ನು ದಿಟ್ಟಿಸಿ, ಅಲ್ಲಿ ಎಚ್ ಅಕ್ಷರ ಎದ್ದು ಬರುತ್ತದೆ. ಒಮ್ಮೆ ಕಂಡಿತೋ, ಆಮೇಲೆ ಅದು ಕಾಣದಂತೆ ನೋಡುವುದು ಸಾಧ್ಯವೇ ಇಲ್ಲ.

ಹಾಗಾದರೆ ಈ ಚಿತ್ರಗಳೆಲ್ಲ ಬರೀ ಪುಕ್ಕಟೆ ದುಡಿಮೆಯೇ? ಒಮ್ಮೊಮ್ಮೆ ಅದೃಷ್ಟ ಖುಲಾಯಿಸುವುದೂ ಉಂಟು. ಒಟ್ಟಾವಾ ಸೆನೆಟರ್ಸ್‌ನ ಅಭಿಮಾನಿಯೊಬ್ಬ ಕಪ್ಪು, ಕೆಂಪು, ಬಿಳಿ ಅಡ್ಡಪಟ್ಟೆಗಳ ನಡುವೆ ದೊಡ್ಡದೊಂದು ‘ಓ’ ಇಟ್ಟು ಚಿತ್ರ ಬರೆದಿದ್ದ. ಅದನ್ನೇ ಆಧರಿಸಿ ತಂಡ 2011ರಲ್ಲಿ ಜೆರ್ಸಿ ಹೊರತಂದಿತು. ಗಮನಿಸಿ, ಅವನೂ ಹೊಸದನ್ನೇನೂ ಹುಟ್ಟಿಸಲಿಲ್ಲ. ಅದು ಅದೇ ಊರಿನ ಅದೇ ಹೆಸರಿನ ಹಳೆಯ ತಂಡ ತೊಡುತ್ತಿದ್ದ ಪಟ್ಟೆ. ಹೊಸ ವಿನ್ಯಾಸ ಎನ್ನುತ್ತಾ ಇವರು ಹುಡುಕುವುದು ಹೆಚ್ಚಾಗಿ ತಮ್ಮ ಬಾಲ್ಯದ ಅಂಗಿಯನ್ನು, ಅದೂ ಸಾಲದಿದ್ದರೆ ತಾತನ ಅಂಗಿಯನ್ನು. ಆಟಗಾರ ಬರುತ್ತಾನೆ, ಹೋಗುತ್ತಾನೆ. ಮಾಲೀಕ ಮಾರಿ ಎದ್ದು ಹೋಗುತ್ತಾನೆ. ಉಳಿಯುವವನು ಅಭಿಮಾನಿ ಒಬ್ಬನೇ. ಅಂಗಿಯ ಮೇಲೆ ಅವನಿಗಲ್ಲದೆ ಇನ್ಯಾರಿಗೆ ಹಕ್ಕು?

ನಿಮಗೂ ಈ ಹುಚ್ಚು ಹತ್ತಿದರೆ ಧಾರಾಳವಾಗಿ ಬರೆಯಿರಿ, 31 ತಂಡಗಳು ನಿಮ್ಮವೇ. ಮಾಂಟ್ರಿಯಲ್ ಕೆನೇಡಿಯನ್ಸ್‌ನ ಆ ಕೆಂಪು ಅಂಗಿ, ನೀಲಿ ಪಟ್ಟೆಯ ತಂಟೆಗೆ ಮಾತ್ರ ಹೋಗಬೇಡಿ. ನೂರು ವರ್ಷದಿಂದ ಹೆಚ್ಚುಕಡಿಮೆ ಹಾಗೇ ಇದೆ, ಚೆನ್ನಾಗಿಯೇ ಇದೆ.