ಬಾಲವನ್ನು ನೋಡಿದಿರಾ?

ಕಳೆದ ಅಕ್ಟೋಬರ್ ರಜೆಯಲ್ಲಿ ತಂಗಿಯ ಮನೆಗೆಂದು ಮಲಾವಿಗೆ ಹೋಗಿದ್ದೆ. ಆಕೆಯ ಗಂಡ ರಾಜಧಾನಿ ಲಿಲಾಂಗ್ವೆಯಲ್ಲಿ ಕೆಲಸದಲ್ಲಿದ್ದಾರೆ. ನನ್ನ ಹಕ್ಕಿಗಳ ಹುಚ್ಚು ಗೊತ್ತಿದ್ದ ಅವರು, ಒಬ್ಬ ಮಾರ್ಗದರ್ಶಕರನ್ನು ಗೊತ್ತುಮಾಡಿ ನನ್ನನ್ನು ಜಲನ್ಯಾಮ ಮೀಸಲು ಅರಣ್ಯಕ್ಕೆ ಕಳುಹಿಸಿದರು. ಮೊಜಾಂಬಿಕ್ ಗಡಿಗೆ ಅಂಟಿಕೊಂಡ ಕಾಡು ಅದು. ಲಿಲಾಂಗ್ವೆಗೆ ಕುಡಿಯುವ ನೀರು ಕೊಡುವ ನದಿ ಹುಟ್ಟುವುದು ಅಲ್ಲಿಯೇ. ನಾವು ಕಾಡಿನತ್ತ ಹೋಗುತ್ತಿದ್ದರೆ, ಎದುರಿನಿಂದ ಸೈಕಲ್ಲುಗಳಲ್ಲಿ ಆಳೆತ್ತರ ಸೌದೆ ಹೇರಿಕೊಂಡು ಜನ ಪಟ್ಟಣದತ್ತ ಇಳಿಯುತ್ತಿದ್ದರು.

ಆಫ್ರಿಕಾ ಎಂದರೆ ಬಯಲು, ಸಿಂಹ ಎಂದುಕೊಂಡಿದ್ದವನಿಗೆ ಈ ಕಾಡು ಬೇರೆಯೇ ಆಗಿ ಕಂಡಿತು. ಇದಕ್ಕೆ ಮಿಯಾಂಬೊ ಎನ್ನುತ್ತಾರೆ. ಅಂಗೋಲಾದಿಂದ ತಾಂಜಾನಿಯಾ, ಮೊಜಾಂಬಿಕ್‌ಗಳವರೆಗೂ ಹರಡಿದೆ. ಮುಖ್ಯ ಮರ ಬ್ರಾಕಿಸ್ಟೀಜಿಯ, ನಮ್ಮ ಹುಣಸೆಯ ಬಳಗದ್ದು. ಮಳೆ ಬರುವ ಮೊದಲೇ ಅದು ಚಿಗುರುತ್ತದೆ. ಆ ಚಿಗುರು ಮಾವಿನ ತಳಿರಿನಂತೆ ಕೆಂಪು, ತಾಮ್ರದ ಬಣ್ಣ. ಇಡೀ ಗುಡ್ಡ ಹಾಗೆ ಇತ್ತು.

ಆದರೆ ಹಕ್ಕಿಗಳಿರಲಿಲ್ಲ. ಒಂದು ಗಂಟೆ ನಡೆದರೂ ಬರೀ ತರಗೆಲೆಯ ಸದ್ದು. ಪುಸ್ತಕ, ಪಟ್ಟಿ, ಪೆನ್ನು ಹಿಡಿದುಕೊಂಡು ನಾನು ಚಡಪಡಿಸುತ್ತಿದ್ದೆ. ಮಾರ್ಗದರ್ಶಕರಿಗೆ ಆತುರವೇ ಇರಲಿಲ್ಲ. "ಇಲ್ಲಿ ಹಕ್ಕಿಗಳು ಗುಂಪುಗೂಡಿ ತಿರುಗುತ್ತವೆ ಸರ್. ಬಂದರೆ ಒಟ್ಟಿಗೇ ಬರುತ್ತವೆ" ಎಂದರು.

ಬಂದವು. ಮೊದಲು ಕವಲುಬಾಲದ ಕಾಜಾಣ, ನಮ್ಮ ಹೊಲದ ಕಾಜಾಣದ್ದೇ ರೂಪ. ಹಿಂದೆಯೇ ಬಿಳಿ ಜುಟ್ಟಿನ ಹೆಲ್ಮೆಟ್ ಶ್ರೈಕ್‌ಗಳು, ಚೇಕಡಿ ಹಕ್ಕಿಗಳು, ಒಂದು ಮರಕುಟಿಗ. ಹತ್ತೇ ನಿಮಿಷದಲ್ಲಿ ತಲೆಯ ಮೇಲಿನ ಕೊಂಬೆಗಳೆಲ್ಲ ಸಂತೆಯಾದವು. ನಾನು ನೋಡುವುದು, ಪುಸ್ತಕ ತಿರುವುವುದು, ಗುರುತು ಹಾಕುವುದು, ಮತ್ತೆ ನೋಡುವುದು. ಕಾಂಡದ ಮೇಲೆ ಚುಕ್ಕೆಚುಕ್ಕೆಯ ಸಣ್ಣ ಹಕ್ಕಿಯೊಂದು ಹತ್ತುತ್ತಿತ್ತು. ಸ್ಪಾಟೆಡ್ ಕ್ರೀಪರ್! ಇದರ ಹತ್ತಿರದ ಬಂಧು ನಮ್ಮ ಮಧ್ಯಭಾರತದ ಒಣ ಕಾಡುಗಳಲ್ಲಿದೆ. ಬಹುಕಾಲ ಎರಡನ್ನೂ ಒಂದೇ ಪ್ರಭೇದವೆಂದು ಎಣಿಸುತ್ತಿದ್ದರು. ಇದನ್ನೆಲ್ಲ ಮಾರ್ಗದರ್ಶಕರಿಗೆ ಸ್ವಲ್ಪ ಜಂಬದಿಂದಲೇ ಹೇಳಿದೆ.

ಅವರು ಪೂರ್ತಿ ಕೇಳಿಸಿಕೊಂಡು, "ಬಾಲವನ್ನು ನೋಡಿದಿರಾ?" ಎಂದರು.

ನೋಡಿರಲಿಲ್ಲ. ಅಷ್ಟರಲ್ಲಿ ಗುಂಪು ಹೊರಟುಹೋಗಿತ್ತು. ಮರಕುಟಿಗ ಕಾಂಡ ಹತ್ತುವಾಗ ಬಾಲವನ್ನು ಊರುಗೋಲಿನಂತೆ ಒತ್ತಿ ನಿಲ್ಲುತ್ತದೆ, ಈ ಹಕ್ಕಿಯ ಬಾಲ ಮೆತ್ತಗೆ, ಅದು ಕಾಲುಗಳ ಬಲದಿಂದಲೇ ಹತ್ತುತ್ತದೆ ಎಂದು ಅವರೇ ವಿವರಿಸಿದರು. ಎರಡೂ ನನ್ನ ಕಣ್ಣೆದುರಿಗೇ ಹತ್ತಿದ್ದವು. ನನ್ನ ಹಾಳೆಯಲ್ಲಿ ಎರಡಕ್ಕೂ ಗುರುತು ಬಿದ್ದಿತ್ತು.

ರಾತ್ರಿ ತಂಗಿಯ ಮನೆಯಲ್ಲಿ ಆ ಪಟ್ಟಿ ತೆಗೆದು ನೋಡುವಾಗ ನೆನಪಾದದ್ದು ನಮ್ಮ ಪಾಠ ವೀಕ್ಷಣಾ ಪಟ್ಟಿ. ಪೀಠಿಕೆ, ಪ್ರಶ್ನಿಸುವ ಕೌಶಲ, ಪುನರ್ಬಲನ, ಕಪ್ಪುಹಲಗೆಯ ಬಳಕೆ. ಎದುರಿಗೆ ಗುರುತು, ಅಂಕ, ಕೆಳಗೆ ಒಂದು ಷರಾ. ಹಿಂದಿನ ವರ್ಷ ಏಳನೇ ತರಗತಿಯಲ್ಲಿ ಪಾಠ ಮಾಡಿದ ಒಬ್ಬ ಪ್ರಶಿಕ್ಷಣಾರ್ಥಿಯ ಹಾಳೆಗೆ ನಾನು ಬರೆದ ಷರಾ ಇನ್ನೂ ಬಾಯಿಪಾಠವಿತ್ತು: "ಪ್ರಶ್ನೆ ಕೇಳಿ ಸುಮ್ಮನೆ ನಿಲ್ಲುತ್ತಾರೆ. ಸಮಯ ವ್ಯರ್ಥ." ಹಿಮ್ಮಾಹಿತಿ ಸಭೆಯಲ್ಲಿ ಸಹಪಾಠಿಗಳೆದುರು ಅದನ್ನೇ ಓದಿದ್ದೆ. ಮುಂದಿನ ಪಾಠಗಳಲ್ಲಿ ಆಕೆ ಪ್ರಶ್ನೆಯನ್ನೂ ತಾನೇ ಕೇಳಿ, ಉತ್ತರವನ್ನೂ ತಾನೇ ಹೇಳುತ್ತಿದ್ದಳು. ನಾನು "ಸುಧಾರಣೆ ಕಂಡಿದೆ" ಎಂದು ಬರೆದೆ! ಪ್ರಶ್ನೆ ಕೇಳಿದ ಮೇಲೆ ಶಿಕ್ಷಕರು ಸರಾಸರಿ ಒಂದೇ ಸೆಕೆಂಡು ಕಾಯುತ್ತಾರೆ ಎಂದು ಮೇರಿ ಬಡ್ ರೋ ಅವರು ತೋರಿಸಿದ್ದನ್ನು ಪ್ರತಿವರ್ಷ ಪಾಠ ಮಾಡುವವನೂ ನಾನೇ.

ಊರಿಗೆ ಬಂದ ಮೇಲೆ ಆಕೆಗೆ ಫೋನ್ ಮಾಡಿದೆ. ಈಗ ಒಂದು ಪ್ರೌಢಶಾಲೆಯಲ್ಲಿದ್ದಾಳೆ. ಆ ಪಾಠದಲ್ಲಿ ಏನು ಕೇಳಿದ್ದೆಯಮ್ಮ ಎಂದೆ. ಆಕೆಗೆ ಎಲ್ಲವೂ ನೆನಪಿತ್ತು. "ಮಧ್ಯಾಹ್ನದ ಬಿಸಿಲಿಗೆ ಬಾಡಿದ ಗಿಡ, ನೀರು ಹಾಕದೇ ಇದ್ರೂ ಬೆಳಿಗ್ಗೆ ಹೊತ್ತಿಗೆ ನೆಟ್ಟಗಾಗಿರುತ್ತಲ್ಲ, ಯಾಕೆ ಅಂತ ಕೇಳಿದ್ದೆ ಸರ್. ಕೊನೇ ಬೆಂಚಿನ ಹುಡುಗ ಎದ್ದು ನಿಂತ. ಅವನು ಯಾವತ್ತೂ ಬಾಯಿ ಬಿಟ್ಟವನಲ್ಲ. ರಾತ್ರಿ ಎಲೆ ಬೆವರೋದು ಕಮ್ಮಿ ಆಗುತ್ತೆ, ಬೇರು ಮಾತ್ರ ಕುಡೀತಾನೇ ಇರುತ್ತೆ ಮಿಸ್ ಅಂದ. ಆಗ ನೀವು ಬರೀತಾ ಇದ್ರಿ ಸರ್."

ಆ ಹುಡುಗ ನನ್ನ ಪಕ್ಕದ ಬೆಂಚಿನಲ್ಲೇ ಕೂತಿದ್ದಿರಬೇಕು. ವೀಕ್ಷಕರು ಕೂರುವುದು ಹಿಂದೆಯೇ ತಾನೆ.

ತಪ್ಪಾಯಿತಮ್ಮ ಎಂದೆ. "ಇರ್ಲಿ ಬಿಡಿ ಸರ್" ಎಂದಳು. ಅಂಕಗಳನ್ನು ಈಗ ತಿದ್ದುವಂತಿಲ್ಲ.

ಈ ಸಲದ ಬೋಧನಾಭ್ಯಾಸದಲ್ಲಿ ಮೊದಲ ಹದಿನೈದು ನಿಮಿಷ ಪೆನ್ನು ಜೇಬಿನಿಂದ ತೆಗೆಯುವುದಿಲ್ಲ ಎಂದುಕೊಂಡಿದ್ದೇನೆ. ಇದುವರೆಗೆ ಒಂಬತ್ತು ಪಾಠ ನೋಡಿದ್ದಾಯಿತು. ಎರಡರಲ್ಲಿ ಮರೆತು ತೆಗೆದೆ.